ಮುಳುಗಿತೋ, ಮುಳುಗಿಸಿತೋ?

ದಾಂಡೇಲಿಯಲ್ಲಿ ಕಾಳಿನದಿಯ ದಂಡೆಯ ಮೇಲೆ ನಿಂತವನಿಗೆ ಕಡಲು ಬಹುದೂರದ ಮಾತೆನಿಸುತ್ತದೆ. ಹಳಿಯಾಳ, ಮುಂಡಗೋಡಗಳ ಗದ್ದೆಬಯಲಿನಲ್ಲಂತೂ ಅದು ಭೂಪಟದ ನೀಲಿಬಣ್ಣ ಮಾತ್ರ. ಆದರೆ ಜೋಯಿಡಾದ ಕಾಡಿನಲ್ಲಿ ಹುಟ್ಟಿ ನಮ್ಮೂರನ್ನು ಹಾಯುವ ಈ ನೀರೇ ಕಾರವಾರದ ಬಳಿ ಕಡಲನ್ನು ಸೇರುತ್ತದೆ. ಆ ಕಡಲಿಗೆ ಹೋಗಿ ಮರಳದವರೂ ನಮ್ಮ ಜಿಲ್ಲೆಯವರೇ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ವೆಂಬ ಮೀನುಗಾರಿಕೆಯ ದೋಣಿ 15ರ ರಾತ್ರಿಯ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಅದರಲ್ಲಿದ್ದ ಏಳು ಮಂದಿಯಲ್ಲಿ ಐವರು ಉತ್ತರ ಕನ್ನಡದವರು. ದೋಣಿ ಕಾಣದಿದ್ದ ತಿಂಗಳುಗಳಲ್ಲಿ ವಿವರಣೆಗಳಿಗೆ ಬರವಿರಲಿಲ್ಲ. ಅಪಹರಣವೆಂದು ಕೆಲವರು, ದೊಡ್ಡ ಹಡಗೊಂದು ಬಡಿದಿರಬೇಕೆಂದು ಕೆಲವರು ಹೇಳಿದರು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗಿನವರು ಮಾಲ್ವಣದ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಕಂಡರು. ಅಪಹರಣದ ಮಾತು ಅಲ್ಲಿಗೆ ಬಲಗುಂದಿತು.

ಆದರೆ ‘ಎಲ್ಲಿ’ ಎಂಬುದಕ್ಕೆ ದೊರೆತ ಉತ್ತರ ‘ಹೇಗೆ’ ಎಂಬುದಕ್ಕೆ ಉತ್ತರವಾಗಲಾರದು. 1912ರಲ್ಲಿ ‘ಟೈಟಾನಿಕ್’ ಮುಳುಗಿದಾಗ, ಹಡಗು ಎರಡಾಗಿ ಮುರಿದುದನ್ನು ಕಂಡೆವೆಂದು ಬದುಕುಳಿದ ಹಲವರು ನುಡಿದರು. ವಿಚಾರಣೆ ನಡೆಸಿದವರು ಅದನ್ನೊಪ್ಪದೆ, ಹಡಗು ಇಡಿಯಾಗಿಯೇ ಮುಳುಗಿತೆಂದರು. 1985ರಲ್ಲಿ ಕಡಲತಳದಲ್ಲಿ ದೊರೆತುದು ಎರಡು ತುಂಡಾಗಿದ್ದ ಹಡಗು. ಅಧಿಕಾರವಾಣಿಯೂ ತಪ್ಪಬಹುದು, ಜನವಾಣಿಯೂ ನಿಜವಾಗಬಹುದು ಎಂಬುದಕ್ಕೆ ಇದು ನಿದರ್ಶನ. ಹಾಗೆಂದು ಜನವಾಣಿಯೆಲ್ಲ ನಿಜವಾಗದು: ಅಲ್ಲಿ ಕಣ್ಣಾರೆ ಕಂಡವರಿದ್ದರು; ಇಲ್ಲಿ ಕಂಡು ಹೇಳುವವರೊಬ್ಬರೂ ಉಳಿದಿಲ್ಲ. ಉಳಿದಿರುವುದು ದೋಣಿಯ ಮೈಗಾಯವೊಂದೇ. ಬಂಡೆ ತಾಗಿದರೆ ಒಂದು ಬಗೆ, ಹಡಗು ಬಡಿದರೆ ಇನ್ನೊಂದು ಬಗೆ, ಅಲೆ ಮಗುಚಿದರೆ ಮತ್ತೊಂದು ಬಗೆಯ ಗುರುತು ಉಳಿಯುತ್ತದೆ. ಆ ಗುರುತನ್ನೂ, ಆ ರಾತ್ರಿ ಆ ದಾರಿಯಲ್ಲಿ ಸಾಗಿದ ಹಡಗುಗಳ ದಾಖಲೆಯನ್ನೂ ಒಟ್ಟಿಗಿಟ್ಟು ನೋಡದೆ ಹೇಳುವ ಯಾವ ಕಾರಣವೂ ಊಹೆಯೇ. ಹೇಳುವವರು ದೊಡ್ಡವರಾದ ಮಾತ್ರಕ್ಕೆ ಅದು ನಿರ್ಣಯವಾಗದು.

ವ್ಯಾಕರಣ ಕಲಿಸುವವನಿಗೆ ಒಂದು ಮಾತು ಹೊಳೆಯುತ್ತದೆ. ‘ಮುಳುಗಿತು’, ‘ಮುಳುಗಿಸಿತು’ ಇವೆರಡರ ನಡುವೆ ಇರುವುದು ‘ಇಸು’ ಎಂಬ ಪುಟ್ಟ ಪ್ರತ್ಯಯ. ಪ್ರಮಾಣವಿಲ್ಲದೆ ಅದನ್ನು ಸೇರಿಸುವುದು ಅನ್ಯಾಯ. ಪರೀಕ್ಷಿಸದೆ ಬಿಟ್ಟುಬಿಡುವುದೂ ಅನ್ಯಾಯವೇ. ದಡದಲ್ಲಿ ಕಾದು ಕುಳಿತ ಏಳು ಮನೆಗಳಿಗೆ ಪರಿಹಾರದ ಹಣದಷ್ಟೇ ಅಗತ್ಯವಾದುದು, ಯಾವ ಕ್ರಿಯಾಪದ ಸರಿಯೆಂಬ ನಿಶ್ಚಯ.