ಕುಡಿಯದ ಲೋಟಕ್ಕೂ ಬೆಲೆ

ಸಿಂಧನೂರಿನ ಪೋಷಕರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಅಮೆರಿಕದಲ್ಲಿ ಇಂಜಿನಿಯರ್. ಅಪ್ಪ-ಅವ್ವನನ್ನು ಕರೆಸಿಕೊಂಡು ಏಳು ದಿನಗಳ ಹಡಗಿನ ಪ್ರವಾಸಕ್ಕೆ ಕಳಿಸಬೇಕೆಂಬುದು ಅವನ ಆಸೆ. ಟಿಕೇಟಿನಲ್ಲಿ ಕೋಣೆ, ಊಟ, ತಿಂಡಿ ಎಲ್ಲವೂ ಸೇರಿದೆ. ಆದರೆ ವೈನು, ಬಿಯರು, ತಂಪು ಪಾನೀಯಗಳಿಗೆ ಬೇರೆ ದುಡ್ಡು. ದಿನಕ್ಕೆ ಇಷ್ಟೆಂದು ಮೊದಲೇ ಕಟ್ಟಿಬಿಟ್ಟರೆ ಏನು ಬೇಕಾದರೂ ಕುಡಿಯಬಹುದಂತೆ. ಇದಕ್ಕೆ ಪಾನೀಯದ ಪ್ಯಾಕೇಜು ಎಂದು ಹೆಸರು.

"ನಾನು ಅಪರೂಪಕ್ಕೆ ಊಟದ ಜೊತೆ ಒಂದು ಲೋಟ ವೈನು ತೆಗೆದುಕೊಳ್ಳುವವನು. ನಮ್ಮ ಮನೆಯವರಿಗೆ ಚಹಾ ಬಿಟ್ಟರೆ ಹಣ್ಣಿನ ರಸ. ಪ್ಯಾಕೇಜು ತೆಗೆದುಕೊಂಡರೆ ನಿಶ್ಚಿಂತೆ ಎಂದು ಮಗ ಹೇಳುತ್ತಾನೆ. ಲೆಕ್ಕ ಹಾಕದೆ ಬೇಡ ಎಂದು ಪಿಯುಸಿ ಓದುವ ಮಗಳು ಹೇಳುತ್ತಾಳೆ. ಯಾರ ಮಾತು ಕೇಳಲಿ ಸರ್?" ಎಂಬುದು ಅವರ ಪ್ರಶ್ನೆ.

ಮಗಳ ಮಾತು ಕೇಳಿ ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆಯಬಹುದಿತ್ತು. ಆದರೆ ಆ ಹುಡುಗಿ ಕೇಳಿದ ಲೆಕ್ಕ ಎಲ್ಲ ವಿದ್ಯಾರ್ಥಿಗಳೂ ತಿಳಿಯಬೇಕಾದದ್ದು. ದಢೇಸುಗೂರಿನ ಸೇತುವೆ ಮೇಲೆ ತುಂಗಭದ್ರೆ ದಾಟಿ ಸಿರುಗುಪ್ಪಕ್ಕೆ ಹೋಗುವುದೇ ನಮ್ಮ ಜಲಪ್ರಯಾಣ, ಈ ಹಡಗಿನ ಗೊಡವೆ ನಮಗೇಕೆ ಎನ್ನಬೇಡಿ. ವಿಲಾಸಿ ಹಡಗುಗಳು ಚಳಿಗಾಲದಲ್ಲಿ ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಬರುತ್ತವೆ. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಕಾರ್ಡೇಲಿಯಾ ಸಂಸ್ಥೆಯ ಹಡಗು ಹೊರಡತೊಡಗಿದ ಮೇಲೆ ಇಂಥ ಪ್ರವಾಸಕ್ಕೆ ವಿದೇಶಕ್ಕೇ ಹೋಗಬೇಕೆಂದೇನೂ ಇಲ್ಲ. ಅಲ್ಲದೆ ಈ ಲೆಕ್ಕ ಹಡಗಿನಲ್ಲಷ್ಟೇ ಇಲ್ಲ, ನಿಮ್ಮ ಮನೆಯ ಫೋನಿನಲ್ಲೂ ಇದೆ.

ಮೊದಲು ಭಾಗಾಕಾರ

ಬೆಲೆಗಳು ಹಡಗಿನಿಂದ ಹಡಗಿಗೆ ಬೇರೆ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಪ್ಯಾಕೇಜಿಗೆ ಒಬ್ಬರಿಗೆ ದಿನಕ್ಕೆ 70 ಡಾಲರ್. ಬಿಡಿಯಾಗಿ ಕೊಂಡರೆ ಒಂದು ಲೋಟ ವೈನಿಗೆ 12 ಡಾಲರ್, ಒಂದು ಲೋಟ ಹಣ್ಣಿನ ರಸಕ್ಕೆ 4 ಡಾಲರ್. ಇದರ ಮೇಲೆ ಸೇವಾಶುಲ್ಕವೆಂದು ನೂರಕ್ಕೆ 18ರಿಂದ 20ರಷ್ಟು ಸೇರಿಸುವುದು ಅಲ್ಲಿಯ ಸಾಮಾನ್ಯ ಪದ್ಧತಿ. ನಾವು 20 ಹಿಡಿಯೋಣ. ಆಗ ಪ್ಯಾಕೇಜಿಗೆ 84, ವೈನಿಗೆ 14.40, ರಸಕ್ಕೆ 4.80 ಡಾಲರ್ ಆಯಿತು.

ಈಗ 84ನ್ನು 14.40ರಿಂದ ಭಾಗಿಸಿ. 5.83 ಬರುತ್ತದೆ. ಅಂದರೆ ದಿನಕ್ಕೆ ಐದು ಲೋಟ ವೈನು ಕುಡಿದರೂ ಪ್ಯಾಕೇಜು ನಷ್ಟ. ಆರನೆಯ ಲೋಟದಿಂದ ಲಾಭ ಶುರು. ಅದೂ ಒಂದು ದಿನವಲ್ಲ, ಸರಾಸರಿ ಏಳೂ ದಿನ. ಹಡಗು ಯಾವುದಾದರೂ ಬಂದರಿನಲ್ಲಿ ನಿಂತು, ನೀವು ಬೆಳಗಿನಿಂದ ಸಂಜೆಯವರೆಗೆ ಊರು ನೋಡಲು ಇಳಿದುಹೋದ ದಿನವೂ ಲೆಕ್ಕದಲ್ಲಿ ಇರುತ್ತದೆ. ಏಕೆಂದರೆ ಪ್ಯಾಕೇಜನ್ನು ಸಾಮಾನ್ಯವಾಗಿ ಇಡೀ ಪ್ರವಾಸಕ್ಕೆ ಕೊಳ್ಳಬೇಕು, ಬೇಕಾದ ದಿನಕ್ಕಷ್ಟೇ ಕೊಡುವುದಿಲ್ಲ.

ನಮ್ಮ ಪತ್ರದ ದಂಪತಿಯ ಲೆಕ್ಕ ನೋಡೋಣ. ಇಬ್ಬರಿಗೂ ಏಳು ದಿನ ಪ್ಯಾಕೇಜು ಕೊಂಡರೆ 1,176 ಡಾಲರ್. ಬಿಡಿಯಾಗಿ ಕೊಂಡರೆ ಯಜಮಾನರಿಗೆ ದಿನಾ ರಾತ್ರಿ ಒಂದು ಲೋಟ ವೈನು, ಒಟ್ಟು 100.80. ಮನೆಯವರಿಗೆ ದಿನಕ್ಕೆ ಎರಡು ಲೋಟ ರಸ, ಒಟ್ಟು 67.20. ಎರಡೂ ಕೂಡಿ 168 ಡಾಲರ್. ಉಳಿತಾಯ 1,008 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 85 ಸಾವಿರ ದಾಟುತ್ತದೆ. ಎಷ್ಟೋ ಮನೆಗಳಲ್ಲಿ ಇದು ಮಕ್ಕಳ ಒಂದು ವರ್ಷದ ಓದಿನ ಖರ್ಚು.

ಇನ್ನೂ ಒಂದು ಮಾತು. ಕುಡಿಯುವ ನೀರು, ಚಹಾ, ಸಾದಾ ಕಾಫಿ ಹೆಚ್ಚಿನ ಹಡಗುಗಳಲ್ಲಿ ಟಿಕೇಟಿನಲ್ಲೇ ಸೇರಿರುತ್ತವೆ. ವೈನಿನ ಬಾಟಲಿ ಕೊಂಡರೆ ಅದರ 750 ಮಿಲಿಲೀಟರಿನಲ್ಲಿ 150ರ ಐದು ಲೋಟ ಸಿಗುತ್ತದೆ. ಉಳಿದದ್ದನ್ನು ಮುಚ್ಚಿಟ್ಟು ಮರುದಿನ ಕೊಡುವ ರೂಢಿಯೂ ಇದೆ. ಹಡಗು ಹತ್ತುವಾಗ ಪ್ರಾಯಕ್ಕೆ ಬಂದವರು ತಲಾ ಒಂದು ಬಾಟಲಿ ವೈನನ್ನು ಕೈಯಲ್ಲಿ ಒಯ್ಯಲು ಕೆಲವು ಕಂಪನಿಗಳು ಬಿಡುತ್ತವೆ. ಸ್ವಲ್ಪವೇ ಕುಡಿಯುವವರಿಗೆ ಇಷ್ಟೆಲ್ಲ ದಾರಿಗಳಿದ್ದರೂ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಪ್ಯಾಕೇಜು ಒಂದೇ.

ಕಡಿಮೆ ಕುಡಿಯುವವರು ಕಂಪನಿಗೆ ಏಕೆ ಬೇಕು?

ನಾಲ್ಕು ಜನರಿದ್ದಾರೆ ಎನ್ನಿ. ದಿನಕ್ಕೆ ಒಬ್ಬ 1, ಮತ್ತೊಬ್ಬ 3, ಮೂರನೆಯವನು 6, ನಾಲ್ಕನೆಯವನು 10 ಲೋಟ ಕುಡಿಯುತ್ತಾನೆ. ಒಟ್ಟು 20, ಸರಾಸರಿ 5. ಕಂಪನಿ 5 ಲೋಟದ ಬೆಲೆಗೆ ಪ್ಯಾಕೇಜು ಇಟ್ಟಿತು. ಈಗ 10 ಲೋಟದವನಿಗೆ ಅರ್ಧ ಬೆಲೆಗೆ ಸಿಕ್ಕಿತು. ಉಳಿದರ್ಧ ಕೊಟ್ಟವರು ಯಾರು? ಮುಖ್ಯವಾಗಿ 1 ಮತ್ತು 3 ಲೋಟದವರು.

ಅವರಿಬ್ಬರೂ ಲೆಕ್ಕ ಬಲ್ಲವರಾಗಿದ್ದರೆ ಪ್ಯಾಕೇಜು ಬಿಟ್ಟು ಹೊರಗೆ ಬರುತ್ತಾರೆ. ಉಳಿದವರ ಸರಾಸರಿ 8 ಆಗುತ್ತದೆ. ಬೆಲೆ 8ಕ್ಕೆ ಏರಿದರೆ 6 ಲೋಟದವನೂ ಹೊರಬರುತ್ತಾನೆ. ಕೊನೆಗೆ 10 ಲೋಟದವನೊಬ್ಬನೇ ಉಳಿದು, ತಾನು ಕುಡಿದದ್ದಕ್ಕೆಲ್ಲ ತಾನೇ ಬೆಲೆ ತೆರಬೇಕು. ಪ್ಯಾಕೇಜು ಎಂಬುದೇ ಮುಗಿಯಿತು. ಆದ್ದರಿಂದ ಇಂಥ ವ್ಯವಸ್ಥೆ ನಿಂತಿರುವುದು ಹೆಚ್ಚು ಕುಡಿಯುವವರ ಮೇಲಲ್ಲ, ದುಡ್ಡು ಕಟ್ಟಿ ಕಡಿಮೆ ಕುಡಿಯುವವರ ಮೇಲೆ.

ಒಂದು ಕೋಣೆಯಲ್ಲಿ ಒಬ್ಬರು ಮದ್ಯದ ಪ್ಯಾಕೇಜು ಕೊಂಡರೆ ಆ ಕೋಣೆಯ ಪ್ರಾಯದವರೆಲ್ಲರೂ ಕೊಳ್ಳಬೇಕು ಎಂಬ ನಿಯಮ ಅನೇಕ ಹಡಗು ಕಂಪನಿಗಳಲ್ಲಿದೆ. ಒಬ್ಬರ ಪ್ಯಾಕೇಜಿನಲ್ಲಿ ಇಬ್ಬರು ಕುಡಿಯಬಾರದು ಎಂಬುದು ಅದಕ್ಕೆ ಕೊಡುವ ಕಾರಣ. ಅದು ಸುಳ್ಳಲ್ಲ. ಆದರೆ ಗಂಡ ಆರು ಲೋಟ ಕುಡಿದು, ಹೆಂಡತಿ ಎರಡು ಲೋಟ ರಸ ಕುಡಿದರೆ, ಆ ಕೋಣೆಯ ಸರಾಸರಿ ಎಷ್ಟಾಯಿತು ನೋಡಿ. ರಸ ಕುಡಿದ ಆ ತಾಯಿ, ಕುಡಿಯದ ಲೋಟಗಳಿಗೂ ಬೆಲೆ ಕೊಟ್ಟಂತಾಯಿತು.

ಯಕೃತ್ತಿಗೆ ಪ್ಯಾಕೇಜು ಇಲ್ಲ

"ಹೇಗೂ ದುಡ್ಡು ಕಟ್ಟಿದ್ದೇನೆ, ವಸೂಲು ಮಾಡಿಕೊಳ್ಳುತ್ತೇನೆ" ಎನ್ನುವವರು ಈಗ ವಿಜ್ಞಾನದ ಲೆಕ್ಕ ಕೇಳಬೇಕು.

ಒಂದು ಲೋಟ ವೈನು 150 ಮಿಲಿಲೀಟರ್. ಅದರಲ್ಲಿ ನೂರಕ್ಕೆ 12 ಭಾಗ ಆಲ್ಕೊಹಾಲ್ ಎಂದರೆ 18 ಮಿಲಿಲೀಟರ್. ಆಲ್ಕೊಹಾಲಿನ ಸಾಂದ್ರತೆ 0.79. ಗುಣಿಸಿದರೆ ಸುಮಾರು 14 ಗ್ರಾಂ. ಇದನ್ನು ಕರಗಿಸುವ ಕೆಲಸದ ಬಹುಪಾಲು ಯಕೃತ್ತಿನದು. ಅಲ್ಲಿಯ ಕಿಣ್ವಗಳು ಆಲ್ಕೊಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವನ್ನಾಗಿಯೂ ಆಮೇಲೆ ಅಷ್ಟು ಅಪಾಯವಿಲ್ಲದ ಅಸಿಟೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕೆಲಸಕ್ಕೆ ಒಂದು ಮಿತಿ ಇದೆ. ತಾಸಿಗೆ ಸುಮಾರು 7ರಿಂದ 10 ಗ್ರಾಂ ಅಷ್ಟೇ. ಹಿಟ್ಟಿನ ಗಿರಣಿಯ ಮುಂದೆ ಒಂದು ಚೀಲ ಜೋಳ ಇರಲಿ, ಹತ್ತು ಚೀಲ ಇರಲಿ, ತಾಸಿಗೆ ಬೀಸುವುದು ಅಷ್ಟೇ ಅಲ್ಲವೇ? ಇದೂ ಹಾಗೆಯೇ. ಉಳಿದ ಚೀಲಗಳು ಸಾಲಿನಲ್ಲಿ ಕಾಯುತ್ತವೆ. ಕುಡಿದವನ ದೇಹದಲ್ಲಿ ಆ ಸಾಲು ನಿಲ್ಲುವುದು ರಕ್ತದಲ್ಲಿ, ರಕ್ತದ ಮೂಲಕ ಮಿದುಳಿನಲ್ಲಿ.

ಅಮೆರಿಕದ ಕಾರ್ನಿವಲ್ ಕಂಪನಿಯ ಪ್ಯಾಕೇಜಿನಲ್ಲಿ 24 ತಾಸಿಗೆ 15 ಮದ್ಯದ ಲೋಟಗಳೆಂಬ ಮಿತಿ ಇದೆ. ಹದಿನೈದು ಲೋಟ ಎಂದರೆ 210 ಗ್ರಾಂ. ತಾಸಿಗೆ 8 ಗ್ರಾಂ ಹಿಡಿದರೆ ಇದನ್ನು ಕರಗಿಸಲು 26 ತಾಸಿಗೂ ಹೆಚ್ಚು ಬೇಕು. ದಿನಕ್ಕೆ ಇರುವುದೇ 24 ತಾಸು! ಪ್ಯಾಕೇಜಿನ ಮಿತಿ ಮುಟ್ಟುವ ಮೊದಲೇ ಶರೀರದ ಮಿತಿ ಮುಗಿದಿರುತ್ತದೆ. ನಷ್ಟವಾಗದಿರಲೆಂದು ಆರು ಲೋಟ ಕುಡಿಯುವವನ ಯಕೃತ್ತಿಗೂ ಹತ್ತು ತಾಸಿಗಿಂತ ಹೆಚ್ಚು ದುಡಿಮೆ. ಆಲ್ಕೊಹಾಲಿನ ವಿಷಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗಿರುವಾಗ ದುಡ್ಡು ವಸೂಲು ಮಾಡಲು ಕುಡಿಯುವುದೆಂದರೆ, ಮೊದಲು ಕಿಸೆಗೆ ಆದ ನಷ್ಟವನ್ನು ಆಮೇಲೆ ಹೊಟ್ಟೆಗೆ ವರ್ಗಾಯಿಸಿದಂತೆ.

ತಿಳಿದವರೂ ತಪ್ಪುವುದೇಕೆ?

ಭಾಗಾಕಾರ ಇಷ್ಟು ಸುಲಭವಾಗಿದ್ದರೂ ಜನ ಪ್ಯಾಕೇಜಿನ ಕಡೆಗೇ ವಾಲುತ್ತಾರೆ. ಇದನ್ನು ಅರ್ಥಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬಿಬ್ಬರು ಅಮೆರಿಕದ ಮೂರು ವ್ಯಾಯಾಮಶಾಲೆಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದವರು ಸರಾಸರಿ 4.3 ಸಲ ಮಾತ್ರ ಹೋಗುತ್ತಿದ್ದರು. ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು ಬಿತ್ತು. ಹತ್ತು ಭೇಟಿಗಳ ಚೀಟಿ ಕೊಂಡಿದ್ದರೆ ಭೇಟಿಗೆ 10 ಡಾಲರಿನಲ್ಲಿ ಮುಗಿಯುತ್ತಿತ್ತು.

ಕಾರಣ ಸರಳ. ಕೊಳ್ಳುವಾಗ ನಾವು ನಾಳೆ ಹೀಗಿರುತ್ತೇವೆ ಎಂದು ಊಹಿಸುತ್ತೇವೆ, ನಿನ್ನೆ ಹೇಗಿದ್ದೆವು ಎಂದು ನೋಡುವುದಿಲ್ಲ. ಜೊತೆಗೆ ಪ್ರತಿ ಸಲ ಕಿಸೆಗೆ ಕೈ ಹಾಕುವ ಕಿರಿಕಿರಿ ಬೇಡವೆನಿಸುತ್ತದೆ. ಆ ನಿಶ್ಚಿಂತೆಗೂ ಬೆಲೆ ಇದೆ, ಒಪ್ಪೋಣ. ಆದರೆ ಆ ಬೆಲೆ 85 ಸಾವಿರವೇ ಎಂದು ಕೇಳಿಕೊಳ್ಳುವ ಹಕ್ಕು ನಮಗಿದೆ.

ನಮ್ಮ ಮನೆಯ ಪ್ಯಾಕೇಜುಗಳು

ಈಗ ಊರಿಗೆ ಬನ್ನಿ. ಅಜ್ಜಿಯ ಕೈಯಲ್ಲಿ ಗುಂಡಿ ಒತ್ತುವ ಸಣ್ಣ ಫೋನು. ಮಗಳು ಫೋನು ಮಾಡಿದರೆ ಎತ್ತುವುದು, ಮೊಮ್ಮಗನಿಗೆ ಒಂದು ಮಾತು ಹೇಳುವುದು, ಇಷ್ಟೇ ಅವರ ಉಪಯೋಗ. ಆದರೆ ಹಾಕಿಸಿದ ರೀಚಾರ್ಜಿನಲ್ಲಿ ದಿನಕ್ಕೆ ಇಷ್ಟು ಜಿಬಿ ಇಂಟರ್ನೆಟ್ ಸೇರಿರುತ್ತದೆ. ಅಜ್ಜಿಗೆ ಅದು ಬೇಡ, ಆ ಫೋನಿನಲ್ಲಿ ಅದು ಬರುವುದೂ ಇಲ್ಲ. ಹಡಗಿನಲ್ಲಿ ರಸ ಕುಡಿದ ತಾಯಿಯಂತೆಯೇ ಈ ಅಜ್ಜಿಯ ಪಾಡು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ಇದನ್ನು ಗಮನಿಸಿ, ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಬೆಲೆ ಇರುವ ಒಂದಾದರೂ ರೀಚಾರ್ಜನ್ನು ಪ್ರತಿ ಕಂಪನಿಯೂ ಇಡಬೇಕೆಂದು ನಿಯಮ ಮಾಡಿತು. ಅಂಗಡಿಯವನು ತಾನಾಗಿ ಹೇಳದಿದ್ದರೆ ಕೇಳಿ ಹಾಕಿಸಿ. ಇದು ಮೊಮ್ಮಕ್ಕಳ ಕೆಲಸ.

ಇನ್ನೊಂದು ಪ್ಯಾಕೇಜು ನಮ್ಮ ಹೊಲದಲ್ಲೇ ಹರಿಯುತ್ತದೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ಜೋಳ, ಹತ್ತಿ, ಶೇಂಗಾದಂಥ ಸ್ವಲ್ಪ ನೀರಿನ ಬೆಳೆಗಳಿಗೆ ಹೆಚ್ಚು ಜಮೀನಿಗೆ ನೀರು ಮುಟ್ಟಲಿ ಎಂಬುದು ಮೂಲ ಯೋಜನೆ. ಆದರೆ ನೀರಿನ ಕರ ಇರುವುದು ಬೆಳೆ ಮತ್ತು ಎಕರೆ ನೋಡಿ, ಹರಿದ ನೀರು ಅಳೆದು ಅಲ್ಲ. ಎಕರೆಯ ಕರ ಕಟ್ಟಿದ ಮೇಲೆ ತೂಬು ಒಂದು ದಿನ ತೆರೆದರೂ ಅಷ್ಟೇ, ನಾಲ್ಕು ದಿನ ತೆರೆದರೂ ಅಷ್ಟೇ. ಭತ್ತಕ್ಕೆ ಮಾರುಕಟ್ಟೆಯೂ ಇದೆ. ಹೀಗಾಗಿ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಮಾನ್ವಿ-ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ಕಾಯುವಂತಾಯಿತು.

ಇದರಲ್ಲಿ ರೈತರನ್ನು ದೂರಿ ಫಲವಿಲ್ಲ. ಅಳತೆ ಇಲ್ಲದ ಬೆಲೆ ಯಾರ ಕೈಯನ್ನೂ ಸಡಿಲ ಮಾಡುತ್ತದೆ. ಆದರೆ ವ್ಯತ್ಯಾಸ ಗಮನಿಸಿ. ಹಡಗಿನಲ್ಲಿ ಕಡಿಮೆ ಕುಡಿದವರಿಗೆ ಹೋಗುವುದು ದುಡ್ಡು ಮಾತ್ರ, ಕಾಲುವೆಯಲ್ಲಿ ಕಡಿಮೆ ಸಿಕ್ಕವರಿಗೆ ಹೋಗುವುದು ಬೆಳೆ. ಮತ್ತೆ ಹೆಚ್ಚು ಕುಡಿದ ಯಕೃತ್ತಿನಂತೆ ಹೆಚ್ಚು ಕುಡಿದ ನೆಲವೂ ಕೆಡುತ್ತದೆ. ಸವಳು-ಜವಳಾಗಿ ಬಿಳಿ ಉಪ್ಪು ಮೇಲೆದ್ದ ಹೊಲಗಳನ್ನು ನಮ್ಮ ಭಾಗದ ಮಕ್ಕಳಿಗೆ ಚಿತ್ರದಲ್ಲಿ ತೋರಿಸಬೇಕಾಗಿಲ್ಲ.

ಮನೆಗೆಲಸ

ಯಾವ ಪ್ಯಾಕೇಜು ಮುಂದೆ ಬಂದರೂ ಮೂರು ಹೆಜ್ಜೆ ಇಡಿ. ಒಂದು, ಪ್ಯಾಕೇಜಿನ ಬೆಲೆಯನ್ನು ಬಿಡಿ ಬೆಲೆಯಿಂದ ಭಾಗಿಸಿ. ಎರಡು, ಪ್ಯಾಕೇಜು ಇಲ್ಲದ ಸಾಮಾನ್ಯ ದಿನದಲ್ಲಿ ನಮಗೆ ಎಷ್ಟು ಬೇಕಾಗುತ್ತದೆ ಎಂದು ಒಂದು ವಾರ ಬರೆದಿಡಿ. ಮೂರು, ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದು ದೊಡ್ಡದಿದ್ದರೆ ಧಾರಾಳವಾಗಿ ಕೊಳ್ಳಿ. ಪ್ಯಾಕೇಜು ಮೋಸವಲ್ಲ, ಅದು ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ. ನಮಗೆ ಹೊಂದುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ.

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ ಇದು. ಒಬ್ಬ ಹುಡುಗ ರಾಯಚೂರಿನಲ್ಲಿ ಕೋಣೆ ಮಾಡಿಕೊಂಡು ಓದುತ್ತಾನೆ. ಮೆಸ್ಸಿನಲ್ಲಿ ತಿಂಗಳಿಗೆ 3,000 ರೂಪಾಯಿ ಕಟ್ಟಿದರೆ ದಿನಕ್ಕೆ ಎರಡು ಊಟ. ಬಿಡಿಯಾಗಿ ಒಂದು ಊಟಕ್ಕೆ 60 ರೂಪಾಯಿ. ಶನಿವಾರ-ಭಾನುವಾರ ಅವನು ಊರಿಗೆ ಬರುತ್ತಾನೆ, ಹಾಗಾಗಿ ತಿಂಗಳಿಗೆ 22 ದಿನ ಮಾತ್ರ ಅಲ್ಲಿ ಊಟ. ಅವನು ತಿಂಗಳ ದುಡ್ಡು ಕಟ್ಟಬೇಕೇ, ಬಿಡಿಯಾಗಿ ಉಣ್ಣಬೇಕೇ?

ಇದರ ಉತ್ತರ ಐದು ನಿಮಿಷದ ಕೆಲಸ. ಎರಡನೆಯ ಪ್ರಶ್ನೆ ಸ್ವಲ್ಪ ಕಠಿಣ. ಅವನು ತಿಂಗಳ ದುಡ್ಡು ಕಟ್ಟಿಬಿಟ್ಟ. ಕಟ್ಟಿದ ಊಟ ವ್ಯರ್ಥವಾಗಬಾರದೆಂದು ಶನಿವಾರ ಊರಿಗೆ ಬರುವುದನ್ನೇ ಬಿಟ್ಟ. ಈಗ ಲಾಭ ಯಾರಿಗಾಯಿತು, ನಷ್ಟ ಯಾರಿಗಾಯಿತು? ಇದಕ್ಕೆ ಉತ್ತರ ಬರೆಯುವ ಮೊದಲು ಮನೆಯಲ್ಲಿ ಅವ್ವನನ್ನು ಒಂದು ಮಾತು ಕೇಳಿ.