ಎಲ್ಲಾದಕ್ಕೂ ರೂಟ್ ಯಾಕ್ರೀ?

ಲಿನಕ್ಸ್ ಮೇಲೆ ಕೆಲಸ ಮಾಡುವ ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಕೆಟ್ಟ ಚಟ. ಮಷೀನು ಏಳುವಾಗ ಯಾವುದೋ ಸರ್ವೀಸು ತಾನೇ ಶುರುವಾಗಬೇಕೆ? ಆರ್‌ಸಿ ಡಾಟ್ ಲೋಕಲ್ ಫೈಲಿನಲ್ಲಿ ಒಂದು ಸಾಲು ಗೀಚಿ ಕೈತೊಳೆದುಕೊಳ್ಳುವುದು. "ಅಲ್ರೀ, ಅದು ರೂಟ್ ಆಗಿ ಓಡ್ತದಲ್ಲ" ಅಂದರೆ "ಓಡ್ತಾ ಇದೆಯಲ್ಲ ಗುರು, ಬಿಡು" ಅನ್ನುತ್ತಾರೆ.

ನಾನಂತೂ ಬಿಡಲ್ಲ. ನಮ್ಮೂರು ಸೂಡಿ (ಜೋಡು ಕಳಸದ ಗುಡಿ, ನಾಗಕುಂಡ ನೋಡಿದವರಿಗೆ ಗೊತ್ತು). ಅಲ್ಲಿ ಮನೆಯ ಹಳೇ ಕಂಪ್ಯೂಟರಿನಲ್ಲಿ ನನ್ನದೊಂದು ಪುಟ್ಟ ಫೋಟೋ ಸರ್ವರ್ ಇದೆ. ಕರೆಂಟು ಹೋಗಿ ಬಂದಾಗಲೆಲ್ಲ ಲಾಗಿನ್ ಆಗಿ ಶುರು ಮಾಡು ಅಂತ ಅವ್ವಗೆ ಹೇಳೋಕಾಗುತ್ತಾ? ಸ್ಕ್ರಿಪ್ಟ್ ಬೇಕೇ ಬೇಕು. ರೂಟ್ ಮಾತ್ರ ಬೇಕಿಲ್ಲ. ಆ ಸರ್ವರಿಗೆಂದೇ ಮಾಡಿದ ಸಾದಾ ಖಾತೆಯ ಕ್ರಾನ್‌ಟ್ಯಾಬಿನಲ್ಲಿ @ರೀಬೂಟ್ ಅಂತ ಒಂದು ಸಾಲು, ಮುಗೀತು.

ಇನ್ನು ಕೆಲವರು ಜಾಣರು. "ನಾವು ಬೇರೆ ಯೂಸರ್ ಮಾಡೇವಿ, ನಮಗೇನೂ ಆಗಲ್ಲ" ಅನ್ನುತ್ತಾರೆ. ಇವರಿಗೆ 2016ರ ಟಾಮ್‌ಕ್ಯಾಟ್ ಕಥೆ ಹೇಳಬೇಕು. ಡೆಬಿಯನ್ ಮತ್ತು ಉಬುಂಟು ಪ್ಯಾಕೇಜುಗಳಲ್ಲಿ ಟಾಮ್‌ಕ್ಯಾಟ್ ತನ್ನದೇ ಬಡಪಾಯಿ ಖಾತೆಯಲ್ಲಿ ಓಡುತ್ತಿತ್ತು. ಆದರೆ ಅದನ್ನು ಎಬ್ಬಿಸುವ ಸ್ಕ್ರಿಪ್ಟ್ ಓಡುತ್ತಿದ್ದದ್ದು ರೂಟ್ ಆಗಿ. ಪ್ರತಿಸಲ ಅದು ಲಾಗ್ ಫೈಲನ್ನು ಟಾಮ್‌ಕ್ಯಾಟ್ ಖಾತೆಯ ಹೆಸರಿಗೆ ಬರೆದುಕೊಡುತ್ತಿತ್ತು. ಆ ಖಾತೆ ಕೈಗೆ ಸಿಕ್ಕವನು ಲಾಗ್ ಫೈಲ್ ತೆಗೆದು, ಅದೇ ಹೆಸರಲ್ಲಿ ಪಾಸ್‌ವರ್ಡ್‌ಗಳಿರುವ ಶ್ಯಾಡೋ ಫೈಲಿಗೆ ಒಂದು ಸಿಂಬಾಲಿಕ್ ಲಿಂಕ್ ಇಟ್ಟರೆ? ಮುಂದಿನ ರೀಸ್ಟಾರ್ಟಿಗೆ ರೂಟ್ ತಾನೇ ಶ್ಯಾಡೋ ಫೈಲನ್ನು ಅವನ ಹೆಸರಿಗೆ ಮಾಡಿಕೊಡುತ್ತದೆ! ಅಂದಮೇಲೆ ಬೇರೆ ಯೂಸರ್ ಇದ್ದು ಏನು ಬಂತು?

ಪಿಐಡಿ ಫೈಲಿನದೂ ಇದೇ ಹಣೆಬರಹ. ಸರ್ವೀಸು ತನ್ನ ಫೋಲ್ಡರಿನಲ್ಲಿ ನಂಬರ್ ಬರೆದಿಡುತ್ತದೆ. ನಿಲ್ಲಿಸುವ ಸ್ಕ್ರಿಪ್ಟ್ ರೂಟ್ ಆಗಿ ಬಂದು, ಆ ನಂಬರ್ ಓದಿ ಕೊಲ್ಲುತ್ತದೆ. ಒಳನುಗ್ಗಿದವನು ಅಲ್ಲಿ ಬೇರೆ ಪ್ರೋಸೆಸ್ಸಿನ ನಂಬರ್ ಬರೆದರೆ ಅದೂ ಖಲಾಸ್. ಸಾದಾ ಖಾತೆ ಬದಲಿಸಬಹುದಾದ ಯಾವ ಫೋಲ್ಡರಿನಲ್ಲೂ ರೂಟ್ ಕೈಯಾಡಿಸಬಾರದು, ಚೌನ್ ಅಂತೂ ಮಾಡಲೇಬಾರದು. ನನ್ನ ಜಗಳ ಇಷ್ಟೇ.

ಡೆಬಿಯನ್ 8, ಉಬುಂಟು 15.04 ಎರಡೂ 2015ರಲ್ಲೇ ಸಿಸ್ಟಮ್‌ಡಿಗೆ ಬಂದವು. ಯೂನಿಟ್ ಫೈಲಿನಲ್ಲಿ ಯೂಸರ್= ಅಂತ ಒಂದು ಸಾಲು ಬರೆದರೆ ಖಾತೆ ಬದಲಿಸುವ ಕೆಲಸ ಅದೇ ಮಾಡುತ್ತದೆ. ಪ್ರೋಸೆಸ್ಸುಗಳ ಲೆಕ್ಕವನ್ನೂ ಸಿಗ್ರೂಪ್ ಮೂಲಕ ತಾನೇ ಇಟ್ಟುಕೊಳ್ಳುತ್ತದೆ, ಬಹಳಷ್ಟು ಸರ್ವೀಸುಗಳಿಗೆ ಪಿಐಡಿ ಫೈಲೇ ಬೇಡ. ಆದರೂ ಅದೇ ಫೈಲಿನೊಳಗೆ ಹಳೇ ಶೆಲ್ ಸ್ಕ್ರಿಪ್ಟನ್ನೇ ತುರುಕಿ ರೂಟ್ ಆಗಿ ಓಡಿಸುವವರನ್ನು ಏನನ್ನೋಣ?

"80ನೇ ಪೋರ್ಟಿಗೆ ರೂಟ್ ಬೇಕಲ್ಲ?" ಇದು ಎಲ್ಲರ ಬಾಯಲ್ಲಿರೋ ಕೊನೇ ನೆಪ. 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಕ್ಯಾಪ್_ನೆಟ್_ಬೈಂಡ್_ಸರ್ವಿಸ್ ಅನ್ನೋ ಒಂದೇ ಒಂದು ಅಧಿಕಾರ ಸಾಕು. ಅದನ್ನೂ ಯೂನಿಟ್ ಫೈಲಿನಲ್ಲೇ ಕೊಡಬಹುದು. ಇನ್ಯಾವ ನೆಪ ಉಳಿದಿದೆ, ಹೇಳಿ ನೋಡೋಣ.