ಮನೆಯ ಹಾಡುಗಳನ್ನು ‘ಶುದ್ಧಿ’ಗೊಳಿಸುವ ಅನರ್ಥ

ಈಚೆಗೆ ನಮ್ಮ ವಿದ್ಯಾವಂತ ಮನೆಗಳಲ್ಲಿ ಒಂದು ಉತ್ಸಾಹವು ಹಬ್ಬಿರುವುದು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಮೂವತ್ತು ನಾಲ್ವತ್ತು ವರ್ಷಗಳಿಂದ ಬಿದ್ದಿದ್ದ ಕ್ಯಾಸೆಟ್ಟುಗಳನ್ನು ಇಳಿಸಿ, ಅವುಗಳಲ್ಲಿರುವ ಅಜ್ಜಿಯ ಹಸೆಹಾಡು, ತಾತನ ದೇವರನಾಮ, ಅತ್ತೆಯವರ ವೀಣೆ ಇವನ್ನೆಲ್ಲ ಗಣಕಯಂತ್ರಕ್ಕೆ ಏರಿಸಿ, ಕತ್ತರಿಸಿ, ತೊಳೆದು, ಕುಗ್ಗಿಸಿ, ದೂರದೇಶಗಳಲ್ಲಿರುವ ಬಂಧುಗಳ ಮೊಬೈಲುಗಳಿಗೆ ಕಳುಹಿಸುವುದೇ ಆ ಉತ್ಸಾಹ. ಇದನ್ನು ಯಾರು ತಾನೆ ಆಕ್ಷೇಪಿಸುವರು? ಹಂಚಿಕೊಳ್ಳುವ ಬುದ್ಧಿ ಒಳ್ಳೆಯದೇ. ನಮ್ಮ ಆಕ್ಷೇಪಣೆಯು ಹಂಚುವುದರ ಮೇಲಲ್ಲ. ಹಂಚುವುದಕ್ಕೆಂದು ಸಿದ್ಧಪಡಿಸಿದ ತುಣುಕನ್ನೇ ಮೂಲವೆಂದು ಭಾವಿಸಿ, ನಿಜವಾದ ಮೂಲವನ್ನು ಕಸಕ್ಕೆ ಎಸೆಯುವ ಅವಿವೇಕದ ಮೇಲೆ.

ಮೊದಲು ಕುಗ್ಗಿಸುವ ವಿಚಾರವನ್ನು ನೋಡೋಣ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿಡುವರು. ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಮೆಗಾಬೈಟು ಸ್ಥಳ ಬೇಕು. ಅದನ್ನೇ 128 ಕಿಲೋಬಿಟ್ಟಿನ ಎಂಪಿ3 ರೂಪಕ್ಕೆ ತಂದರೆ ನಿಮಿಷಕ್ಕೆ ಸುಮಾರು 1 ಮೆಗಾಬೈಟು ಸಾಕು. ಗಟ್ಟಿಯಾದ ಧ್ವನಿಯ ಮರೆಯಲ್ಲಿರುವ ಮೆಲುಧ್ವನಿಯು ಕಿವಿಗೆ ಬೀಳದೆಂಬ ಲೆಕ್ಕದಿಂದ ಆ ವಿಧಾನವು ಅದನ್ನು ಬಿಟ್ಟುಬಿಡುವುದು. ಕಳುಹಿಸಲು ಇದು ಅನುಕೂಲವೇ ಸರಿ. ಆದರೆ ಒಮ್ಮೆ ಬಿಟ್ಟದ್ದು ಮರಳಿ ಬಾರದು. ಆ ಕುಗ್ಗಿದ ರೂಪವನ್ನೇ ತಿರುಗಿ ತಿದ್ದಿ, ತಿರುಗಿ ಎಂಪಿ3 ಆಗಿ ಕಟ್ಟಿದರೆ, ಪ್ರತಿಸಲವೂ ಇನ್ನಷ್ಟು ನಷ್ಟ.

ಎರಡನೆಯದು ತೊಳೆಯುವ ವಿಚಾರ. ಸದ್ದು ತೆಗೆಯುವ ಸಾಧನಗಳಲ್ಲಿ ಬಹುಬಳಕೆಯ ಒಂದು ಕ್ರಮವುಂಟು. ಹಾಡಿಲ್ಲದ ಒಂದೆರಡು ಸೆಕೆಂಡುಗಳ ಭಾಗವನ್ನು ತೋರಿಸಿ, ಇಂಥ ಸದ್ದನ್ನೆಲ್ಲ ತೆಗೆಯೆಂದು ಅದಕ್ಕೆ ಕಲಿಸಬೇಕು. ನಮ್ಮ ಮನೆಯ ಮುದ್ರಣಗಳಲ್ಲಿ ಹಾಡು ಮೊದಲಾಗುವುದಕ್ಕೆ ಮುಂಚೆ ಕೇಳಿಸುವುದೇನು? ತಂಬೂರಿ, ಇಲ್ಲವೆ ಶ್ರುತಿಪೆಟ್ಟಿಗೆ. ಅವಸರದ ತರುಣನು ಆ ಭಾಗವನ್ನೇ ತೋರಿಸುವನು. ಸಾಧನವಾದರೋ ಹೇಳಿದ್ದನ್ನು ಮಾಡತಕ್ಕದ್ದು. ಶ್ರುತಿಯನ್ನೇ ಕಸವೆಂದು ತಿಳಿದು ಹಾಡಿನುದ್ದಕ್ಕೂ ಅದನ್ನು ಸವೆಸುವುದು. ಉಳಿಯುವುದು ಬಾವಿಯೊಳಗಿಂದ ಬಂದಂಥ ಒಂಟಿ ಕಂಠ.

ಇದಕ್ಕಿಂತ ಘೋರವಾದುದು ಸ್ವರ ತಿದ್ದುವ ಸಾಧನ. ಅದು ಅರಿತಿರುವುದು ಸಾಮಾನ್ಯವಾಗಿ ಹಾರ್ಮೋನಿಯಮ್ಮಿನ ಹನ್ನೆರಡು ಮನೆಗಳನ್ನು ಮಾತ್ರ. ಕಂಠವು ಯಾವ ಮನೆಗೆ ಸಮೀಪವಾಗಿದೆಯೋ ಅಲ್ಲಿಗೆ ಎಳೆದು ಕೂರಿಸುವುದೇ ಅದರ ಕೆಲಸ. ತೋಡಿಯ ಗಾಂಧಾರವು ಒಂದು ಮನೆಯಲ್ಲಿ ಕೂರುವ ಸ್ವರವೇನು? ಅದರ ಪ್ರಾಣವೆಲ್ಲ ಕಂಪನದಲ್ಲಿದೆ. ಗಮಕವನ್ನು ಅಪಸ್ವರವೆಂದು ತಿದ್ದುವ ಯಂತ್ರದ ಕೈಗೆ ತಾತನ ಸಂಗೀತವನ್ನು ಒಪ್ಪಿಸುವುದು ಸರ್ವಥಾ ಸಲ್ಲದು.

ಇನ್ನು ಕತ್ತರಿ. ಹಾಡಿನ ಹಿಂದುಮುಂದಿನ ಮಾತು ಹಾಡಲ್ಲವೆಂದು ಕೆಲವರೆನ್ನುವರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ, ಕಡೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲೀಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಹಾಡಿದವರಾರೆಂದು ತಿಳಿಯಲೆಂದು ಆ ಏರ್ಪಾಡು. ಇಂದು ಆ ಒಂದು ಮಾತನ್ನು ಕೇಳಿ ರಸಿಕರು ಪುಲಕಿತರಾಗುವರು. ನಮ್ಮ ಶುದ್ಧಿವಾದಿಗಳು ಆಗ ಇದ್ದಿದ್ದರೆ ಅದನ್ನು ಉಳಿಸುತ್ತಿದ್ದರೇ?

ಹೀಗೆ ಕಟುವಾಗಿ ಬರೆಯುವುದಕ್ಕೆ ನನಗೆ ಅಧಿಕಾರವೆಲ್ಲಿಂದ ಬಂತೆಂದು ಕೇಳುವವರಿಗೆ ಹೇಳುತ್ತೇನೆ: ಈ ಅಪರಾಧವನ್ನು ನಾನೇ ಮಾಡಿದ್ದೇನೆ. 1984ರ ಶ್ರಾವಣದಲ್ಲಿ ನಮ್ಮ ತಾಯಿಯವರು ಆರತಿಯ ಹಾಡುಗಳನ್ನು ಹೇಳಿದ ಒಂದು ಕ್ಯಾಸೆಟ್ಟು ಮನೆಯಲ್ಲಿತ್ತು. ಒಂದು ಹಾಡಿನ ನಡುವೆ ಅವರು ನಿಂತು, ಪಕ್ಕದಲ್ಲಿದ್ದ ಚಿಕ್ಕಮ್ಮನಿಗೆ, “ಅಮ್ಮ ಇದನ್ನ ಹೀಗೆ ಹೇಳ್ತಿರಲಿಲ್ಲ ಕಣೆ, ಅವರ ಮಟ್ಟೇ ಬೇರೆ” ಎಂದು, ಆ ಹಳೆಯ ಮಟ್ಟಿನಲ್ಲಿ ಎರಡು ನುಡಿ ಹಾಡಿ ತೋರಿಸಿ, ಮತ್ತೆ ಮೊದಲಿನಂತೆ ಮುಂದುವರಿಸಿದ್ದರು. ನಾನು ಅದನ್ನು ತಪ್ಪೆಂದೆಣಿಸಿ ಕತ್ತರಿಸಿ, ಎರಡು ತುದಿಗಳನ್ನೂ ಜೋಡಿಸಿ ಕಳುಹಿಸಿ, ಬಂಧುಗಳಿಂದ ಭೇಷ್ ಎನ್ನಿಸಿಕೊಂಡೆ. ಕ್ಯಾಸೆಟ್ಟನ್ನು ಹಳೆಯ ಸಾಮಾನಿನವನಿಗೆ ಕೊಟ್ಟೆ. ಈಗ ತಾಯಿಯವರಿಲ್ಲ, ಚಿಕ್ಕಮ್ಮನೂ ಇಲ್ಲ. ಮೊನ್ನೆ ಸೊಸೆಯು ಆ ಹಾಡನ್ನು ಕಲಿಯುತ್ತ, “ಇದಕ್ಕೆ ಬೇರೆ ಮಟ್ಟೇನಾದರೂ ಇತ್ತೆ, ಮಾವ?” ಎಂದು ಕೇಳಿದಳು. ಇತ್ತೆಂದೆ, ಹಾಡಿ ತೋರಿಸಲಾರದೆ ಸುಮ್ಮನಾದೆ.

ಪ್ರತಿಪಕ್ಷದವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಕೆಮ್ಮು, ಪಾತ್ರೆಯ ಸದ್ದು, ಪರರ ಮನೆಯ ಗುಟ್ಟು ಇವೆಲ್ಲವನ್ನೂ ಊರಿಗೆಲ್ಲ ಹಂಚಬೇಕೇ ಎಂದು ಅವರು ಕೇಳುವರು. ಬೇಡ, ಹಂಚುವ ಪ್ರತಿಯಲ್ಲಿ ಧಾರಾಳವಾಗಿ ಕತ್ತರಿಸಿರಿ. ಆದರೆ ಪ್ರತಿಯನ್ನು ಕತ್ತರಿಸಿರಿ, ಮೂಲವನ್ನಲ್ಲ. ಎಲ್ಲವನ್ನೂ ಇಡಲು ಸ್ಥಳವೆಲ್ಲಿ ಎನ್ನುವರೋ? ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘವು ಸೂಚಿಸಿರುವ ಕನಿಷ್ಠಮಾನವಾದ ಸೆಕೆಂಡಿಗೆ 48,000 ಅಳತೆ, 24 ಬಿಟ್ಟು, ಇದರಂತೆ ಏರಿಸಿದರೂ 60 ನಿಮಿಷದ ಒಂದು ಕ್ಯಾಸೆಟ್ಟಿಗೆ ಬೇಕಾಗುವುದು ಸುಮಾರು 1 ಗಿಗಾಬೈಟು. 64 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಇಂಥ ಐವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಹಿಡಿಯುವುವು. ಅದೂ ಹೆಚ್ಚೆಂದರೆ, 2001ರಿಂದ ಬಳಕೆಯಲ್ಲಿರುವ ಫ್ಲಾಕ್ ಎಂಬ ರೂಪವು ಧ್ವನಿಯ ಲವಲೇಶವೂ ನಷ್ಟವಾಗದಂತೆ ಕುಗ್ಗಿಸಿಕೊಡುವುದು. ಕೊರತೆಯಿರುವುದು ಸ್ಥಳಕ್ಕಲ್ಲ, ವ್ಯವಧಾನಕ್ಕೆ.

ಆದಕಾರಣ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಕ್ಯಾಸೆಟ್ಟನ್ನು ಮೊದಲಿನಿಂದ ಕಡೆಯವರೆಗೆ, ಎರಡು ಮಗ್ಗುಲುಗಳನ್ನೂ, ಏನನ್ನೂ ಬಿಡದೆ, ಏನನ್ನೂ ತೊಳೆಯದೆ ಒಮ್ಮೆ ಏರಿಸಿರಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಹಿನ್ನೆಲೆಯಲ್ಲಿ ಮಾತನಾಡಿದವರು ಯಾರು ಎಂಬುದನ್ನು, ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಆ ಮೂಲದ ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇಡಿರಿ. ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿರಿ. ಇಷ್ಟಾದ ಮೇಲೆ ಕತ್ತರಿಸುವುದಾದರೆ ಕತ್ತರಿಸಿರಿ, ಹಂಚುವುದಾದರೆ ಹಂಚಿರಿ, ನಮ್ಮ ತಂಟೆಯಿಲ್ಲ. ಹಿರಿಯರ ಯಾವ ಮಾತು ಬೇಕು, ಯಾವುದು ಬೇಡ ಎಂಬುದನ್ನು ನಾವು ಒಂದು ಸಂಜೆಯ ಅವಸರದಲ್ಲಿ ತೀರ್ಮಾನಿಸಬಲ್ಲೆವೆಂಬ ಅಹಂಕಾರ ಬೇಡ. ಮೊಮ್ಮಕ್ಕಳು ಏನನ್ನು ಕೇಳುವರೋ ಬಲ್ಲವರಾರು?